ಮಾಲವ್ವನ ಕೂಡ ಮಾತು ಬಿಟ್ಟದ್ದು

ಫೆಬ್ರುವರಿ 18, ಬುಧವಾರ

ಬೂದಿ ಬುಧವಾರ. ತಪಸ್ಸುಕಾಲ ಶುರು. ಇವತ್ತು ಒಪ್ಪತ್ತು — ಮಧ್ಯಾಹ್ನ ಗಂಜಿ, ಉಪ್ಪಿನಕಾಯಿ, ಅಷ್ಟೆ. ಬೆಳಿಗ್ಗೆ ಅಂಗಳ ಕಸ ಹೊಡೆದು, ಇವರಿಗೆ ಫಸ್ಟ್ ಶಿಫ್ಟಿನ ಡಬ್ಬಿ ಕಟ್ಟಿ, ಮಗಳು ಸ್ವಪ್ನಾಳನ್ನು ಕಾಲೇಜಿಗೆ ಎಬ್ಬಿಸಿ, ಚರ್ಚಿಗೆ ಹೋಗಿ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದೆ.

ನಳದ ಹತ್ತಿರ ಪಕ್ಕದ ಮನೆ ಮಾಲವ್ವ ನಿಂತಿದ್ದಳು. ನನ್ನ ಹಣೆ ನೋಡಿ, "ಲೂಸಕ್ಕ, ನಮ್ಮ ಶಿವರಾತ್ರಿ ಉಪಾಸ ಮೊನ್ನೇನ ಮುಗೀತು. ನಿಮ್ಮದು ಈಸ್ಟರ್ ತನಕಾ? ನಿಮ್ಮ ದೇವ್ರು ಭಾಳ ಕಟ್ಟುನಿಟ್ಟ ಬಿಡು" ಅಂದಳು. ನಗುವುದರಲ್ಲಿ ಕೊಡ ತುಂಬಿ ಹರಿದದ್ದೂ ಗೊತ್ತಾಗಲಿಲ್ಲ.

ಮನೆಗೆ ಬಂದ ಮೇಲೆ ಮನಸ್ಸು ಚುಚ್ಚಿತು. ಬೆನೆಡಿಕ್ಟರ ಮಠದ ಒಬ್ಲೇಟ್ ಆದ ಮೇಲೆ ಇದು ಮೊದಲ ತಪಸ್ಸುಕಾಲ. ಸಂಸಾರದಲ್ಲಿದ್ದೇ ಮಠದ ನಿಯಮ ಪಾಲಿಸುತ್ತೇನೆ ಅಂತ ಮಾತು ಕೊಟ್ಟವಳು ನಾನು. ಊಟ, ನಿದ್ದೆ ಅಷ್ಟೇ ಅಲ್ಲ, ಹರಟೆ, ಚೇಷ್ಟೆಯನ್ನೂ ಕಡಿಮೆ ಮಾಡಿ ಅನ್ನುತ್ತದೆ ನಿಯಮ. ಏನು ಬಿಡುತ್ತೇವೋ ಅದನ್ನು ಮೊದಲೇ ಮಠದ ಮುಖ್ಯಸ್ಥೆ ಮದರ್‌ಗೆ ಹೇಳಿ ಒಪ್ಪಿಗೆ ಪಡೆಯಬೇಕು. ಒಪ್ಪತ್ತು, ಸಕ್ಕರೆ ಇಲ್ಲದ ಚಹಾ — ಫೋನಿನಲ್ಲಿ ಹೇಳಿದ್ದೆ. ಹೂಂ ಅಂದಿದ್ದರು.

ಈಗ ಇನ್ನೊಂದು ಸೇರಿಸಿದೆ. ನಳದ ಹತ್ತಿರ ಮಾತಿಲ್ಲ. ಮಧ್ಯಾಹ್ನ ಮಾಲವ್ವನ ಕೂಡ ಕಟ್ಟೆ ಮೇಲೆ ಕೂಡುವುದೂ ಇಲ್ಲ. ಸಣ್ಣದು... ಇದಕ್ಕೇನು ಕೇಳೋದು. ಮಾಲವ್ವನಿಗೂ ಹೇಳುವುದಿಲ್ಲ. ಹೇಳಿಕೊಂಡರೆ ಡಂಗುರ ಹೊಡೆದ ಹಾಗೆ.

ಫೆಬ್ರುವರಿ 20

ಮಾಲವ್ವ ಏನೋ ಕೇಳಿದಳು. ತಲೆ ಅಲ್ಲಾಡಿಸಿ ಬಂದೆ. ಉಪವಾಸಕ್ಕಿಂತ ಇದೇ ಕಷ್ಟ. ಕಷ್ಟ ಇದ್ದರೇ ಒಳ್ಳೆಯದು. ಮನಸ್ಸಿಗೆ ಒಂಥರಾ ಹಿಗ್ಗು.

ಫೆಬ್ರುವರಿ 27

ಮಾಲವ್ವನ ಗಂಡ ಲಗಮಪ್ಪ ಮಾರ್ಚ್ ಕೊನೆಗೆ ಮಿಲ್ಲಿನಿಂದ ರಿಟೈರ್. ಕ್ವಾರ್ಟರ್ಸ್ ಬಿಡಬೇಕು. ಧಾರವಾಡದ ಕಡೆ ತಮ್ಮ ಊರಿಗೆ ಹೋಗಿಬಿಡುತ್ತಾರೆ. ನಳ ನೋಡುತ್ತಾ ಹೇಳಿದಳು. "ಹೌದಾ" ಅಂದು ಕೊಡ ಎತ್ತಿಕೊಂಡು ಬಂದೆ.

ವ್ರತ ಮುರಿಯಲಿಲ್ಲ. ಗಂಜಿ ಮಾತ್ರ ಹಾಗೇ ಮುಚ್ಚಿಟ್ಟೆ.

ಮಾರ್ಚ್ 10

ಈಗ ಮಾಲವ್ವ ನಾನು ನೀರು ತಂದಾದ ಮೇಲೆಯೇ ನಳಕ್ಕೆ ಹೋಗುತ್ತಾಳೆ. ನಮ್ಮಿಂದ ಒಯ್ದಿದ್ದ ಶಾವಿಗೆ ಮಣೆ ವಾಪಸ್ ಬಂತು, ಅದೂ ಸ್ವಪ್ನಾಳ ಕೈಯಲ್ಲಿ.

"ಅವ್ವಾ, ಮಾಲವ್ವ ಮಾವಶಿ ಅಳಾಕತ್ತಿದ್ರು. ಹೆಂಗೂ ಊರು ಬಿಟ್ಟು ಹೋಗೂದೈತಿ, ಅದಕ್ಕ ನಿಮ್ಮವ್ವ ಈಗಿಂದಾನ ನನ್ನ ಬಿಟ್ಟಾಳೇನು ಅಂತ ಕೇಳಿದ್ರು."

ಪ್ರಾರ್ಥನೆಯ ಪುಸ್ತಕ ತೆರೆದು ಕೂತೆ. ಒಂದು ಸಾಲೂ ತಲೆಗೆ ಹತ್ತಲಿಲ್ಲ.

ಮಾರ್ಚ್ 14, ಶನಿವಾರ, ಸಂಜೆ

ಹಳಿಯಾಳದ ಮಠದಲ್ಲಿ ಒಬ್ಲೇಟರ ತಿಂಗಳ ಸಭೆ. ಪ್ರಾರ್ಥನೆ ಮುಗಿದ ಮೇಲೆ ಮದರ್ ಮುಂದೆ ಎಲ್ಲ ಹೇಳಿದೆ. ನೀನು ಒಬ್ಲೇಟ್ ಆಗಿರೋದೇ ಬೇಡ ಅಂತಾರೆ ಅಂದುಕೊಂಡಿದ್ದೆ. ಮೊದಲು ನಕ್ಕರು. ಆಮೇಲೆ ಕೇಳಿದರು, "ಇದಕ್ಕೆ ಒಪ್ಪಿಗೆ ಕೊಟ್ಟವರು ಯಾರು, ಲೂಸಿ?"

"ಯಾರೂ ಇಲ್ಲ, ಮದರ್."

"ಹಾಗಾದ್ರೆ ಇದು ದೇವರಿಗೆ ಮಾಡಿದ್ದಲ್ಲ. ನಿನ್ನ ಹೆಮ್ಮೆಗೆ ಮಾಡಿದ್ದು. ಹೋಗಿ ಮಾತಾಡು. ಆಕೆ ಹೊರಡೋ ತನಕ ದಿನಾ ಕಟ್ಟೆ ಮೇಲೆ ಕೂತು ಆಕೆ ಹೇಳಿದ್ದೆಲ್ಲ ಕೇಳು. ಇದು ನಾನು ಕೊಡೋ ವ್ರತ."

ಎದೆ ಮೇಲಿನ ಬೀಸುಕಲ್ಲು ಇಳಿಸಿದ ಹಾಗಾಯಿತು. ಕೇಳಿ ಮಾಡು ಅಂತ ನಿಯಮ ಯಾಕೆ ಅನ್ನುತ್ತದೆ, ಈಗ ತಿಳೀತು. ಬಸ್ಸಿನಲ್ಲಿ ಪಕ್ಕದ ಸೀಟಿನವಳು, ಯಾಕ್ರೀ ಒಬ್ಬರ ನಗಾಕತ್ತೀರಿ ಅಂದಳು. ದಾಂಡೇಲಿ ಬರುವ ತನಕ ಅವಳ ಕೂಡ ಹರಟಿದೆ.

ಮಾರ್ಚ್ 15, ರವಿವಾರ

ಚರ್ಚಿನಿಂದ ಸೀದಾ ಮಾಲವ್ವನ ಮನೆಗೆ. ಹೊಸ್ತಿಲಲ್ಲೇ ಕೂತು ಎಲ್ಲ ಒಪ್ಪಿಸಿದೆ. ಉಳ್ಳಾಗಡ್ಡಿ ಹೆಚ್ಚುವುದು ನಿಲ್ಲಿಸದೆ ಕೇಳಿದಳು. ಕಣ್ಣು ಒರೆಸಿಕೊಂಡು ತಪ್ಪನ್ನು ಉಳ್ಳಾಗಡ್ಡಿ ಮೇಲೆ ಹಾಕಿದಳು.

"ಒಂದ್ಹೊತ್ತಿನ ರೊಟ್ಟಿ, ಚಹಾದ ಸಕ್ರಿ, ಮಾಲವ್ವ — ಎಲ್ಲಾ ಒಂದ ಲೆಕ್ಕೇನು ನಿನಗ?"

ಕೆಳಗೆ ಬಿದ್ದ ಉಳ್ಳಾಗಡ್ಡಿ ಸಿಪ್ಪೆ ಆಯತೊಡಗಿದೆ.

"ತಡಿ, ನಾನೂ ಒಂದು ವ್ರತ ಹಿಡೀತೇನಿ. ನಾಳಿ ಸಂಜಿ ತನಕ ನಿನ್ನ ಕೂಡ ಮಾತಿಲ್ಲ. ಏನರ ಇದ್ರ ಸ್ವಪ್ನಾನ ಕಡೆ ಹೇಳಿ ಕಳಸು."

ಬಾಯಿ ಮೇಲೆ ಬೆರಳಿಟ್ಟಳು. ಬೆರಳ ಹಿಂದೆ ನಗು ಕಾಣುತ್ತಿತ್ತು. ದೇವರೇ, ನಿನಗೆ ಸ್ತೋತ್ರ.

ಮಾರ್ಚ್ 16, ಸೋಮವಾರ, ಮಧ್ಯಾಹ್ನ

ಬೆಳಿಗ್ಗೆ ನಳಕ್ಕೆ ಇಬ್ಬರೂ ಕೂಡಿಯೇ ಹೋದೆವು. ಮಾತಿಲ್ಲ. ನನ್ನ ಕೊಡ ತಾನೇ ತುಂಬಿ ಕೊಟ್ಟಳು. ಶಾವಿಗೆ ಮಣೆ ಮತ್ತೆ ಆ ಮನೆಗೆ ಹೋಯಿತು. ಎರಡು ಬಾಗಿಲ ನಡುವೆ ಓಡಾಡಿ ಸ್ವಪ್ನಾಗೆ ಸಾಕಾಗಿದೆ. ನಿಮ್ಮಿಬ್ಬರ ವ್ರತಕ್ಕ ನನ್ನ ಕಾಲು ಹೋದವು ಅನ್ನುತ್ತಾಳೆ.

ಕೇಳುವುದು ಇನ್ನೊಂದೇ ಉಳಿದಿದೆ. ಊರಿಗೆ ಹೋದವಳು ಈಸ್ಟರಿಗೆ ತಿರುಗಿ ಬಂದು ನಮ್ಮ ಮನೆಯಲ್ಲಿ ಉಣ್ಣುತ್ತಾಳೋ, ಇಲ್ಲವೋ. ಸಂಜೆ ತನಕ ತಡೆಯುವುದು ನನ್ನಿಂದ ಆಗದು. ಸ್ವಪ್ನಾ ಚಪ್ಪಲಿ ಹಾಕಿಕೊಂಡು ನಿಂತಿದ್ದಾಳೆ, ಹೇಳುತ್ತಲೇ ಬರೆಯುತ್ತಿದ್ದೇನೆ... ಈಸ್ಟರ್‌ಕ ಬರ್ತೀರೇನು ಅಂತ ಕೇಳವಾ. ಬರೀ ತಲಿ ಅಲ್ಲಾಡಿಸಿದ್ರ ಬಿಡಬ್ಯಾಡ. ಬಾಯಿಬಿಟ್ಟು ಏನಂತಾಳ, ಅದನ್ನ ಕೇಳ್ಕೊಂಡು ಬಾ, ನಾ ಇಲ್ಲೇ ಬಾಗಲದಾಗ—