ಅಯಸ್ಕಾಂತ ಬಿಡದ ಪಿನ್ನುಗಳು

ಬಾಶೆಟ್ಟಿಹಳ್ಳಿ ಕಾರ್ಖಾನೆಯ ಮ್ಯಾನೇಜರ್ ಭಾನುಪ್ರಕಾಶ್ ಅವರಿಗೆ,

ನಿಮ್ಮಲ್ಲಿ ಕಸ ಗುಡಿಸಿ ನೆಲ ಒರೆಸುವ ಮುತ್ತಮ್ಮನ ಮಗಳು ನಾನು. ಅವ್ವನ ಬಲಗೈಯ ಎರಡು ಬೆರಳು ಹೋದವು.

ಗ್ಯಾಸಿಲ್ಲದೆ ಅಯಸ್ಕಾಂತದಿಂದಲೇ ತಂಪಾಗುವ ಫ್ರಿಜ್ಜು ಮಾಡುತ್ತಿದ್ದೀರಿ, ಸಂತೋಷ. ಅಯಸ್ಕಾಂತ ಹತ್ತಿರ ಬಂದರೆ ಲೋಹದ ತಟ್ಟೆ ಬಿಸಿಯಾಗುತ್ತದೆ, ದೂರ ಹೋದರೆ ತಣ್ಣಗಾಗುತ್ತದೆ ಎಂದು ಅವ್ವ ಮನೆಗೆ ಬಂದು ಬೆರಗಿನಿಂದ ಹೇಳಿದ್ದಳು. ಅದೇ ಅಯಸ್ಕಾಂತದ ಚಕ್ರ ತಿರುಗುತ್ತಿರುವಾಗ ಅದರಡಿ ಒರೆಸಲು ಅವಳನ್ನು ಬಗ್ಗಿಸಿದಿರಿ. ಹೆಂಗಸರು ತಾಳಿಗೆ ಪಿನ್ನು ಸಿಕ್ಕಿಸಿಕೊಳ್ಳುವುದು ನಿಮಗೆ ಗೊತ್ತಿಲ್ಲವೇ? ನಿಮ್ಮ ಮನೆಯಲ್ಲೂ ಸಿಕ್ಕಿಸಿಕೊಳ್ಳುತ್ತಾರೆ. ಪಿನ್ನುಗಳ ಜೊತೆ ತಾಳಿಯನ್ನೂ ಅಯಸ್ಕಾಂತ ಎಳೆಯಿತು. ಬಿಡಿಸಿಕೊಳ್ಳಲು ಅವ್ವ ಕೈ ಹಾಕಿದಳು. ಚಕ್ರಕ್ಕೆ ಬೆರಳು ಸಿಕ್ಕವು.

ನಿನ್ನೆ ನಿಮ್ಮ ಸೂಪರ್‌ವೈಸರ್ ದೇವರಾಜ್ ಎಳನೀರು ಹಿಡಿದು ಆಸ್ಪತ್ರೆಗೆ ಬಂದಿದ್ದರು.

“ಬಾತ್‌ರೂಮಲ್ಲಿ ಜಾರಿ ಬಿದ್ದೆ ಅಂತ ಹೇಳ್ಬಿಡು ಮುತ್ತಮ್ಮ, ಕೆಲ್ಸ ಉಳ್ಕೊಳ್ತದೆ.”

“ನೆಲ ಒರ್ಸೋಳು ನಾನು ಕಣಪ್ಪ. ನಾನ್ ಒರ್ಸಿದ್ ನೆಲ್ದಲ್ಲಿ ನಾನೇ ಜಾರ್ತೀನಾ?” ಅಂದಳು ಅವ್ವ. ಆಮೇಲೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ಎಳನೀರು ಹಾಗೇ ಇದೆ.

ಆಸ್ಪತ್ರೆ ಖರ್ಚು ನಿಮ್ಮದು, ಕೆಲಸ ಅವ್ವನದೇ ಆಗಿ ಉಳಿಯಬೇಕು. ಇದು ಭಿಕ್ಷೆಯಲ್ಲ. ಸೋಮವಾರ ಕಾರ್ಮಿಕ ಇಲಾಖೆಯವರ ಜೊತೆ ಬರುತ್ತೇನೆ. ಅಲ್ಲಿಯವರೆಗೆ ಆ ಯಂತ್ರವನ್ನು ಯಾರೂ ಒರೆಸುವುದು ಬೇಡ.

ಅವ್ವನ ಮೂರು ಪಿನ್ನು ಇನ್ನೂ ಅಯಸ್ಕಾಂತಕ್ಕೇ ಕಚ್ಚಿಕೊಂಡಿವೆ ಎಂದು ಅವಳ ಜೊತೆಯ ಹೆಂಗಸರು ಹೇಳಿದರು. ಒಂದಕ್ಕೆ ಕೆಂಪು ದಾರ ಸುತ್ತಿದೆ. ನನ್ನ ಶಾಲೆಯ ಲಂಗದ ಹುಕ್ಕು ಕಿತ್ತುಹೋದಾಗಲೆಲ್ಲ ಅವ್ವ ಹಾಕುತ್ತಿದ್ದ ಪಿನ್ನು ಅದು. ಬಾತ್‌ರೂಮಿನಲ್ಲಿ ಜಾರಿದವಳ ಪಿನ್ನು ಅಲ್ಲಿಗೆ ಹೇಗೆ ಬಂತು ಎನ್ನುವುದಕ್ಕೆ ಉತ್ತರ ಸಿದ್ಧಮಾಡಿಟ್ಟುಕೊಳ್ಳಿ.

ಮುತ್ತಮ್ಮನ ಮಗಳು,
ಸಂಘಮಿತ್ರ