ಏರಿದ ವಾರ, ಇಳಿದ ವಾರ

ಗೆಳೆಯ ಕೊಟ್ರೇಶನಿಗೆ,

ಇಲ್ಲದವನಿಗೆ ಪತ್ರ ಬರೆಯುವುದು ತರ್ಕಕ್ಕೆ ನಿಲ್ಲದ ಕೆಲಸ ಎಂಬುದು ಗಣಿತದ ಮೇಷ್ಟರಾಗಿದ್ದ ನನಗೆ ಚೆನ್ನಾಗಿ ಗೊತ್ತು. ಆದರೂ ಈ ಸಂಗತಿಯನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ?

ಹಡಗಲಿಯ ಹೈಸ್ಕೂಲಿನ ಶಿಕ್ಷಕರ ಕೊಠಡಿ ನೆನಪಾಗುತ್ತದೆ. ಹುರುಪು ಏರಿದ ವಾರಗಳಲ್ಲಿ ನನಗೆ ನಿದ್ದೆ ಬೇಕಾಗುತ್ತಿರಲಿಲ್ಲ. ವಿಶೇಷ ತರಗತಿ, ನಾಟಕ, ವಿಜ್ಞಾನ ಪ್ರದರ್ಶನ, ಎಲ್ಲಕ್ಕೂ ನಾನೇ ಕೈ ಎತ್ತುತ್ತಿದ್ದೆ. ಪಕ್ಕದ ಕುರ್ಚಿಯಿಂದ ನೀನು ಎದ್ದು, "ಹೆಡ್ ಮಾಸ್ತರ್ರ, ಇವ ಹತ್ತು ಅಂದ್ರ ನಾಕು ಬರಕೊಳ್ರಿ. ಉಳಿದದ್ದು ಗಾಳಿಪಟ" ಎನ್ನುತ್ತಿದ್ದೆ. ನನಗೆ ಸಿಟ್ಟು ಬರುತ್ತಿತ್ತು. ಕೆಲವು ವಾರ ಕಳೆದು ಸೀಮೆಸುಣ್ಣ ಎತ್ತುವುದೂ ಭಾರವಾಗಿ ನಾನು ಮೂಲೆ ಹಿಡಿದಾಗ, ನೀನು ಚಹಾದ ಲೋಟ ತಂದಿಟ್ಟು, "ಇಳೀತೇನಲೇ?" ಎಂದಷ್ಟೇ ಕೇಳುತ್ತಿದ್ದೆ. ಅದಕ್ಕೊಂದು ಹೆಸರಿರಬಹುದೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ನೀನು ಅದನ್ನು ನನ್ನ ಸ್ವಭಾವವೆಂದು ಬಗೆದೆ, ನಾನು ಪ್ರತಿಭೆಯೆಂದು. ಇಳಿದ ದಿನಗಳನ್ನು ಮಾತ್ರ ನಾನು... ಇರಲಿ.

ನಿನ್ನ ವರ್ಷದ ಪೂಜೆ ಮುಗಿದ ಮೇಲೆ ಕೊಟ್ಟೂರಿನಲ್ಲಿ ಒಂದು ಶಿವಾನುಭವ ಗೋಷ್ಠಿಗೆ ಹೋಗಿದ್ದೆ. ಏರಿದ ವಾರ ಅದು. ಇಟ್ಟಿಗಿ, ಹೊಳಲು, ಬಾಗಳಿ ಮೂರೂ ಊರುಗಳ ಹತ್ತನೆಯ ತರಗತಿಯವರಿಗೆ ಪ್ರತಿ ಭಾನುವಾರ ಉಚಿತವಾಗಿ ಗಣಿತ ಹೇಳಿಕೊಡುವುದಾಗಿ ಸಭೆಯಲ್ಲಿ ಸಾರಿಬಿಟ್ಟೆ. ಒಂದೇ ಭಾನುವಾರದಲ್ಲಿ ಮೂರು ಊರು! ನಮ್ಮ ಜನರ ರೂಢಿ ನಿನಗೆ ಗೊತ್ತಲ್ಲ: ಪಾಠ ಆರಂಭವಾಗುವ ಮೊದಲೇ ಶಾಲು ಹೊದಿಸಿ, ಹಾರ ಹಾಕಿ ಸನ್ಮಾನ ಮುಗಿಸಿದರು. ಸನ್ಮಾನ ಪಡೆದವನು ಹಿಂದೆ ಸರಿಯುವುದು ಹೇಗೆ? ಹತ್ತನ್ನು ನಾಲ್ಕು ಮಾಡಲು ನೀನೂ ಅಲ್ಲಿರಲಿಲ್ಲ.

ಮೊದಲ ಭಾನುವಾರಗಳು ಉತ್ಸಾಹದಿಂದ ನಡೆದವು. ಆಮೇಲೆ ಇಳಿಯಿತು. ಇಟ್ಟಿಗಿಯ ಮಕ್ಕಳು ಕಾಯುತ್ತಿದ್ದಾಗ ನಾನು ಹಗರಿಬೊಮ್ಮನಹಳ್ಳಿಯ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಫೋನು ಬಡಿದುಕೊಳ್ಳುತ್ತಿತ್ತು. "ಮಾವಾರ, ಜ್ವರ ಬಂದಾವು ಅಂತ ಹೇಳ್ಲೇನ್ರಿ?" ಎಂದಳು ಸೊಸೆ. ಸುಳ್ಳು ಬೇಡವೆಂದೆ. ನಿಜವೇನೆಂದು ನನಗೂ ತಿಳಿದಿರಲಿಲ್ಲ. ಕೊನೆಗೆ ಇಟ್ಟಿಗಿಯ ಶಾಲೆಯ ಶಿಕ್ಷಕಿ ನಾಗರತ್ನ ಮನೆಗೇ ಬಂದಳು. ಹಡಗಲಿಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. "ಸರ್, ಪರೀಕ್ಷಿ ಹತ್ರ ಬಂದೈತಿ. ಲೆಕ್ಕದಾಗ ಬಿದ್ರ ಈ ಹುಡುಗ್ಯಾರ್ನ ಮನ್ಯಾಗ ಮತ್ತ ಓದಿಸಂಗಿಲ್ಲ. ನಿಮ್ಮ ಕೈಲಿ ಆಗಂಗಿಲ್ಲಂದ್ರ ಇಲ್ಲ ಅನ್ರಿ, ಬ್ಯಾರೆ ಯಾರನ್ನಾರ ನೋಡ್ತೀವಿ" ಎಂದಳು. ಕೊಟ್ಟ ಮಾತಿಗೆ ತಪ್ಪಿದವನೆಂದು ನನ್ನ ಶಿಷ್ಯೆಯ ಬಾಯಿಂದಲೇ ಕೇಳಬೇಕಾಯಿತಲ್ಲ! ಅವಳಲ್ಲಿ ಒಂದು ವಾರದ ಅವಧಿ ಕೇಳಿದೆ.

ಮಗ ನನ್ನನ್ನು ದಾವಣಗೆರೆಗೆ, ಮನೋವೈದ್ಯರಲ್ಲಿಗೆ ಕರೆದೊಯ್ದ. ಅವರು ಥೈರಾಯ್ಡ್ ಪರೀಕ್ಷೆ ಮಾಡಿಸಿ, ನನ್ನ ಹರೆಯದಿಂದ ಇಂದಿನವರೆಗಿನ ಏರಿಳಿತಗಳನ್ನು ಕೇಳಿ, 'ಸೈಕ್ಲೋಥೈಮಿಯಾ' ಎಂದರು. ಮನಸ್ಸು ವರ್ಷಗಟ್ಟಲೆ ಸಣ್ಣಗೆ ಏರುತ್ತಲೂ ಇಳಿಯುತ್ತಲೂ ಇರುತ್ತದಂತೆ. ಏರಿದರೆ ಉನ್ಮಾದದಷ್ಟು ಎತ್ತರವಲ್ಲ, ಇಳಿದರೆ ತೀವ್ರ ಖಿನ್ನತೆಯಷ್ಟು ಆಳವೂ ಅಲ್ಲ. ಆದ್ದರಿಂದಲೇ ಜನ ಅದನ್ನು ಹುಟ್ಟುಗುಣವೆಂದು ಬಿಟ್ಟುಬಿಡುತ್ತಾರೆ. "ಹಾಗಾದರೆ ನನಗೆ ಹುಚ್ಚೇ?" ಎಂದು ನೇರವಾಗಿ ಕೇಳಿದೆ. "ಅಲ್ಲ ಸರ್. ಬಿಪಿ ಇದ್ದೋರು ಉಪ್ಪು ನೋಡ್ಕಂಡು ತಿಂತಾರಲ್ಲ, ಹಂಗೆ ನೀವು ನಿದ್ದೆ ನೋಡ್ಕಳ್ರಿ. ಹುರುಪು ಬಂದಾಗ ಮಾತ್ರ ಯಾರಿಗೂ ಮಾತು ಕೊಡಬ್ಯಾಡ್ರಿ, ಸ್ವಲ್ಪ ದಿನ ತಡೀರಿ" ಎಂದರು. ಒಂದು ಮಾತ್ರೆಯನ್ನೂ ಬರೆದರು. ನುಂಗುತ್ತಿದ್ದೇನೆ.

ಮರಳಿದೊಡನೆ ಹೊಳಲು, ಬಾಗಳಿಯವರಿಗೆ ನನ್ನಿಂದಾಗದೆಂದು ಹೇಳಿದೆ. ಇಟ್ಟಿಗಿಗೆ ಹೋಗಿ ನಾಗರತ್ನಳಿಗೆ ಕಾಯಿಲೆಯ ಹೆಸರು ತಿಳಿಸಿ, ಕೆಲವು ವಾರ ಮಂಕಾಗಿಯೇ ಬರುವೆನೆಂದೂ, ಆ ದಿನಗಳ ಪಾಠ ಸಪ್ಪೆಯಾಗುವುದೆಂದೂ ಎಚ್ಚರಿಸಿದೆ. ಅವಳು ನಕ್ಕುಬಿಟ್ಟಳು.

"ಹೊಸಾದು ಹೇಳ್ತೀರೇನ್ರಿ ಸರ್? ನಮ್ಮ ಕ್ಲಾಸಿಗೆಲ್ಲ ಗೊತ್ತಿತ್ತು. ಹುರುಪಿಲೆ ಬಂದ್ರ ನೀವು ಬೋರ್ಡ್ ತುಂಬ ಬರದು, ಅಳಿಸಿ, ಮತ್ತ ಬರೀತಿದ್ರಿ. ನಾವು ಬಾಯಿ ತಕ್ಕಂಡು ಕುಂದರ್ತಿದ್ವಿ. ಮಂಕಾಗಿ ಬಂದ ದಿನ ಒಂದೊಂದ ಹೆಜ್ಜಿ ಹೇಳ್ತಿದ್ರಿ. ನಮಗ ಲೆಕ್ಕ ತಿಳಿದದ್ದು ಅವತ್ತ ರಿ."

ಕೊಟ್ರೇಶ, ಏರಿದ ದಿನಗಳ ಪಾಠಗಳೇ ನನ್ನ ಜೀವಮಾನದ ಸಾಧನೆ ಎಂದು ನಿವೃತ್ತಿಯ ಸಮಾರಂಭದಲ್ಲಿಯೂ ಹೇಳಿಕೊಂಡವನು ನಾನು. ನೀನು ಮುಂದಿನ ಸಾಲಿನಲ್ಲಿ ಕುಳಿತು ಕೇಳಿದ್ದೆ. ನಿನಗೂ ಗೊತ್ತಿತ್ತೇ? ಗೊತ್ತಿದ್ದೂ ಸುಮ್ಮನಿದ್ದೆಯಾ?

ಈ ವಾರ ಮತ್ತೆ ಇಳಿದಿದ್ದೇನೆ. ಅಕ್ಷರಗಳು ನಿಧಾನವಾಗಿ ಮೂಡುತ್ತಿವೆ. ನಾಳೆ ಭಾನುವಾರ, ಇಟ್ಟಿಗಿಯ ಬಸ್ಸು ಹತ್ತುತ್ತೇನೆ. ವರ್ಗಸಮೀಕರಣದಲ್ಲಿ ಹುಡುಗಿಯರು ಎಡವುತ್ತಿದ್ದಾರೆ. ಅದನ್ನು ಹೇಳಿಕೊಡಲು ಇದು ತಕ್ಕ ವಾರ.

ನಿನ್ನವನು,
ಗುರುಸಿದ್ಧಪ್ಪ