ಪಟಾಲಮ್ಮನನ್ನು ಕಟ್ಟಿಹಾಕಿದ ಚಿಕ್ಕ ಮಾತ್ರೆ

ಮೂಡಲಪಾಳ್ಯ, ಬೆಂಗಳೂರು
೧೨ ಮಾರ್ಚ್ ೧೯೮೬, ಬುಧವಾರ

ಪ್ರೀತಿಯ ವಿಮಲಕ್ಕನಿಗೆ,

ನಿನ್ನ ತಮ್ಮ ಅಂಜಿನಯ್ಯ ಮಾಡುವ ನಮಸ್ಕಾರಗಳು. ನೀನು, ಭಾವ, ಪುಟ್ಟಿ ಎಲ್ಲರೂ ಆರೋಗ್ಯವಾಗಿದ್ದೀರಿ ತಾನೇ? ಭದ್ರಾವತಿಯ ನೀರು ಪುಟ್ಟಿಗೆ ಒಗ್ಗಿತೇ? ಕೆಮ್ಮು ನಿಂತಿತೇ? ಕೆಂಚಪ್ಪ ಭಾವನಿಗೆ ಇನ್ನೂ ರಾತ್ರಿ ಪಾಳಿಯೇ ಇದ್ದರೆ ಹಗಲು ಮಲಗುವಾಗ ಪುಟ್ಟಿಯನ್ನು ಅವರ ಹೊಟ್ಟೆಯ ಮೇಲೆ ಹತ್ತಿಸಬೇಡ. ಕ್ವಾರ್ಟರ್ಸಿನ ಹಿತ್ತಲಲ್ಲಿ ನುಗ್ಗೆ ಕೊಂಬೆ ನೆಟ್ಟಿದ್ದೇನೆ ಎಂದು ಬರೆದಿದ್ದೆಯಲ್ಲ, ಚಿಗುರಿತೋ ಇಲ್ಲವೋ ತಿಳಿಸು. ಇಲ್ಲಿ ಅಮ್ಮನಿಗೆ ಮಂಡಿ ನೋವು ಇದ್ದೇ ಇದೆ. ಅಪ್ಪ ಬೆಳಿಗ್ಗೆ ಎದ್ದರೆ ನಮ್ಮ ಹಳೆಯ ರಾಗಿ ಹೊಲದ ಕಡೆ ಹೋಗಿ, ಅಲ್ಲಿ ಎದ್ದಿರುವ ಎರಡಂತಸ್ತಿನ ಮನೆಗಳನ್ನು ನೋಡಿಕೊಂಡು, ಯಾವನೂ ಪಾಯ ಸರಿಯಾಗಿ ಹಾಕಿಲ್ಲ ಎಂದು ಬೈದುಕೊಂಡು ಬರುತ್ತಾರೆ. ಆ ಮಟ್ಟಿಗೆ ಅವರು ಆರೋಗ್ಯವಾಗಿದ್ದಾರೆ.

ಅಕ್ಷರ ಸೊಟ್ಟಪಟ್ಟ ಇದೆ ಎಂದು ನಗಬೇಡ. ರಾಜಾಜಿನಗರದ ಶೆಡ್ಡಿನಲ್ಲಿ ಕೂದಲೆಳೆಯಷ್ಟೂ ತಪ್ಪದಂತೆ ಲೇತ್ ಮೇಲೆ ಕಬ್ಬಿಣ ಕಡೆಯುತ್ತಿದ್ದ ಕೈ ಇದು. ಈಗ ಕಾಫಿ ಲೋಟ ಹಿಡಿದರೆ ಅರ್ಧ ಕಾಫಿ ಪಂಚೆಗೆ. ಮಾಲೀಕರು ಜಂಬಣ್ಣನವರು ಒಳ್ಳೆಯವರು, ಮಾತ್ರೆ ನುಂಗುವವನು ಓಡುವ ಮಿಷನ್ ಹತ್ತಿರ ನಿಲ್ಲಬಾರದು, ಪೂರಾ ಹುಷಾರಾಗಿ ಬಾ, ನಿನ್ನ ಜಾಗ ಎಲ್ಲೂ ಹೋಗಲ್ಲ ಎಂದಿದ್ದಾರೆ. ಕೈ ನಡುಗುವುದು ಮಾತ್ರೆಯಿಂದ, ಕಾಯಿಲೆಯಿಂದ ಅಲ್ಲ. ಇದು ನಿನಗೆ ಗೊತ್ತು, ನನಗೆ ಗೊತ್ತು, ಆಸ್ಪತ್ರೆಯ ಡಾಕ್ಟರಿಗೆ ಗೊತ್ತು. ಉಳಿದ ಮೂಡಲಪಾಳ್ಯಕ್ಕೆಲ್ಲ ಬೇರೆಯೇ ಏನೋ ಗೊತ್ತಾಗಿಬಿಟ್ಟಿದೆ. ಅದನ್ನೇ ಬರೆಯಲು ಕೂತಿದ್ದೇನೆ.

ನೀನಿದ್ದಾಗ ಮಾತ್ರೆ ನುಂಗುವುದು ಹಲ್ಲುಜ್ಜಿದಷ್ಟೇ ಸಾಮಾನ್ಯ ಕೆಲಸವಾಗಿತ್ತು. ರಾತ್ರಿ ಮುದ್ದೆ ಉಂಡ ಮೇಲೆ ದೊಡ್ಡ ಮಾತ್ರೆ. ಬೆಳಿಗ್ಗೆ ಸಂಜೆ ತಿಂಡಿಯ ಜೊತೆ ಚಿಕ್ಕ ಬಿಳಿ ಮಾತ್ರೆ. ದೊಡ್ಡದು ತಲೆಯೊಳಗಿನ ಮಾತು ನಿಲ್ಲಿಸುವುದಕ್ಕೆ, ಚಿಕ್ಕದು ದೊಡ್ಡದರಿಂದ ಮೈ ಸೆಟೆದುಕೊಳ್ಳದಂತೆ ನೋಡಿಕೊಳ್ಳುವುದಕ್ಕೆ ಎಂದು ಡಾಕ್ಟರು ಹೇಳಿದ್ದನ್ನು ನೀನು ನನಗೆ ಬಾಯಿಪಾಠ ಮಾಡಿಸಿದ್ದೆ. ಹಾಸಿಗೆಯಿಂದ ಏಳುವಾಗ ಸ್ವಲ್ಪ ಹೊತ್ತು ಕೂತು ಆಮೇಲೆ ನಿಲ್ಲಬೇಕು, ಇಲ್ಲದಿದ್ದರೆ ಕಣ್ಣು ಕತ್ತಲೆ ಬರುತ್ತದೆ. ಒಂದು ಹೊತ್ತು ಮರೆತರೆ ಇನ್ನೊಂದು ಹೊತ್ತು ಎರಡು ನುಂಗಬಾರದು. ಚೆನ್ನಾಗಿದ್ದೀನಿ ಅನ್ನಿಸಿದ ದಿನವೂ ನುಂಗಬೇಕು, ಅವತ್ತೇ ಮುಖ್ಯವಾಗಿ. ನಾನು ಗೊಣಗಿದರೆ, ‘ನುಂಗೋ ಕಳ್ಳ, ನಾಲಿಗೆ ತೋರ್ಸು’ ಎನ್ನುತ್ತಿದ್ದೆ. ಆಗ ಸಿಟ್ಟು ಬರುತ್ತಿತ್ತು. ಈಗ ಹಾಗೆ ಬೈಯುವವರು ಮನೆಯಲ್ಲಿ ಯಾರೂ ಇಲ್ಲವಲ್ಲ ಎಂದು ಅಳು ಬರುತ್ತದೆ ಅಕ್ಕ.

ಭಾವನಿಗೆ ಕ್ವಾರ್ಟರ್ಸ್ ಸಿಕ್ಕಿ ನೀನು ದೀಪಾವಳಿ ಮುಗಿಸಿ ಭದ್ರಾವತಿಗೆ ಹೋದ ಮೇಲೆ ಮಾತ್ರೆಗಳು ಅಮ್ಮನ ಕೈಗೆ ಹೋದವು. ಅಮ್ಮನಿಗೆ ಓದು ಬಾರದಿದ್ದರೂ ಒಂದು ದಿನವೂ ತಪ್ಪಿಸಲಿಲ್ಲ. ಕಳೆದ ತಿಂಗಳು ಅಪ್ಪನ ಜೊತೆ ಆಸ್ಪತ್ರೆಗೆ ಹೋದಾಗ, ತಲೆಯೊಳಗಿನ ಮಾತು ಇನ್ನೂ ಪೂರಾ ನಿಂತಿಲ್ಲ ಎಂದು ನಾನೇ ಹೇಳಿದೆ. ಡಾಕ್ಟರು ದೊಡ್ಡ ಮಾತ್ರೆಯನ್ನು ಸ್ವಲ್ಪ ಜಾಸ್ತಿ ಮಾಡಿದರು. ಕುತ್ತಿಗೆಯೋ ನಾಲಿಗೆಯೋ ಎಳೆದುಕೊಂಡರೆ ಹೆದರಬೇಡಿ, ತಕ್ಷಣ ಕರೆದುಕೊಂಡು ಬನ್ನಿ, ಒಂದು ಇಂಜೆಕ್ಷನ್ನಿಗೆ ಸರಿಹೋಗುತ್ತದೆ ಎಂದು ಅಪ್ಪನಿಗೆ ಬಿಡಿಸಿ ಹೇಳಿದರು. ಅಪ್ಪ ತಲೆಯಾಡಿಸಿದರು. ಅಪ್ಪ ಯಾವ ಆಫೀಸಿನಲ್ಲಿ ಯಾರು ಏನು ಹೇಳಿದರೂ ಹಾಗೆಯೇ ತಲೆಯಾಡಿಸುವುದು, ಹೊಲ ಹೋಗಿದ್ದೂ ಹಾಗೆಯೇ.

ಆ ವಾರವೇ ಚಿಕ್ಕ ಮಾತ್ರೆ ಮುಗಿಯಿತು. ಮೆಡಿಕಲ್ ಸ್ಟೋರಿನಲ್ಲಿ ಸ್ಟಾಕಿಲ್ಲ, ಗುರುವಾರ ಬನ್ನಿ ಎಂದರು. ಮಂಗಳವಾರ ಅಮ್ಮ ನನ್ನನ್ನು ಪಟಾಲಮ್ಮನ ಗುಡಿಗೆ ಕರೆದುಕೊಂಡು ಹೋದಳು. ಮಂಗಳಾರತಿ ಹೊತ್ತಿಗೆ ಸರಿಯಾಗಿ ಕುತ್ತಿಗೆಯನ್ನು ಯಾರೋ ಶೆಡ್ಡಿನಲ್ಲಿ ಕಬ್ಬಿಣ ಬಿಗಿಯುವ ವೈಸಿನಲ್ಲಿ ಕಚ್ಚಿಸಿ ತಿರುಗಿಸಿದ ಹಾಗಾಯಿತು. ಮುಖ ಭುಜದ ಮೇಲೆ ಹೋಯಿತು. ಕಣ್ಣು ಮೇಲಕ್ಕೆ ಹೋಗಿ ಗುಡಿಯ ಸೂರಿಗೆ ನೆಟ್ಟುಕೊಂಡವು, ಕೆಳಗಿಳಿಸಲು ಆಗಲಿಲ್ಲ. ನಾಲಿಗೆ ತಾನಾಗಿ ಹೊರಗೆ ಚಾಚಿಕೊಂಡಿತು. ಎಷ್ಟು ನೋವು ಗೊತ್ತಾ ಅಕ್ಕ, ಆದರೆ ಬುದ್ಧಿ ಮಾತ್ರ ಕನ್ನಡಿಯ ಹಾಗೆ ಸ್ವಚ್ಛವಾಗಿತ್ತು. ಆಸ್ಪತ್ರೆಗೆ ಕರ್ಕೊಂಡ್ ಹೋಗಿ ಎಂದು ಹೇಳಬೇಕು, ನಾಲಿಗೆ ನನ್ನ ಮಾತು ಕೇಳುತ್ತಿಲ್ಲ. ಗಂಟಲಿನಿಂದ ಬಂದದ್ದು ಬರೀ ಹೂಂಕಾರ.

ಮುಂದೆ ಏನಾಗಿರಬಹುದು ಎಂದು ನಿನಗೆ ಹೇಳಬೇಕಾಗಿಲ್ಲ. ನಮ್ಮ ಅಜ್ಜಿಯ ಮೈಮೇಲೆ ಪಟಾಲಮ್ಮ ಬರುತ್ತಿದ್ದಾಗ ಹೀಗೇ ಅಲ್ಲವೇ ಕಣ್ಣು ಮೇಲೆ ಮಾಡಿ ನಾಲಿಗೆ ಚಾಚುತ್ತಿದ್ದುದು? ಅಜ್ಜಿ ಹೋದಮೇಲೆ ನಮ್ಮ ವಂಶದಲ್ಲಿ ಯಾರ ಮೇಲೂ ಬರಲಿಲ್ಲ ಎಂದು ಊರೆಲ್ಲ ಕೊರಗುತ್ತಿತ್ತು. ಪೂಜಾರಿ ಮರಿಯಪ್ಪ ತಾತ ಆರತಿ ತಟ್ಟೆ ಕೆಳಗಿಟ್ಟು, ‘ಬಂದ್ಲು, ನಮ್ಮವ್ವ ಬಂದ್ಲು’ ಎಂದು ನನ್ನ ಕಾಲಿಗೆ ಬಿದ್ದರು. ಅರಿಸಿನ ಹಚ್ಚಿದರು, ಕೈಗೆ ಬೇವಿನ ಸೊಪ್ಪು ತುರುಕಿದರು. ನಮ್ಮ ಅಮ್ಮ, ನನ್ನನ್ನು ಹೆತ್ತ ಅಮ್ಮ, ನನ್ನ ಪಾದ ಹಿಡಿದುಕೊಂಡು, ‘ನನ್ ಮಗನ್ನ ಹುಚ್ಚ ಅಂದ್ರಲ್ಲ ತಾಯಿ’ ಎಂದು ಅತ್ತಳು. ಅಷ್ಟು ಸಂತೋಷ ಅವಳ ಮುಖದಲ್ಲಿ ನಾನು ನೋಡೇ ಇರಲಿಲ್ಲ. ಕುತ್ತಿಗೆ ತಾನಾಗಿ ಸಡಿಲವಾಗುವ ಹೊತ್ತಿಗೆ ಹೊರಗೆ ಚಪ್ಪಲಿ ಬಿಡಲು ಜಾಗವಿರಲಿಲ್ಲ.

ಮರುದಿನ ಮನೆಯಲ್ಲಿ ಕೂತು ಎಲ್ಲವನ್ನೂ ವಿವರವಾಗಿ ಹೇಳಿದೆ. ನನ್ನನ್ನು ನೋಡಲು ಬಂದಿದ್ದ ಮರಿಯಪ್ಪ ತಾತ ಬಹಳ ಗಮನವಿಟ್ಟು ಕೇಳಿದರು. ಕೇಳಿ, ‘ಹಂಗಾದ್ರೆ ಆ ಚಿಕ್ ಮಾತ್ರೆನೇ ಇಷ್ಟು ದಿನ ಅವ್ವನ್ನ ಕಟ್ಟಾಕಿದ್ದು’ ಎಂದರು. ನನ್ನ ಮಾತಿನಲ್ಲೇ ನನ್ನನ್ನು ಸಿಕ್ಕಿಸಿದರು ನೋಡು. ಗುರುವಾರ ಮಾತ್ರೆ ಬಂತು, ಆದರೆ ಅಮ್ಮ ಅದನ್ನು ಡಾಕ್ಟರ ಚೀಟಿ ಸಮೇತ ಎತ್ತಿಟ್ಟುಬಿಟ್ಟಳು. ದೊಡ್ಡದನ್ನು ಮಾತ್ರ ತಪ್ಪದೆ ಕೊಡುತ್ತಾಳೆ, ಏಕೆಂದರೆ ಅದು ಕಾಯಿಲೆಯದು, ಚಿಕ್ಕದು ದೇವರ ವಿಷಯ. ಶುಕ್ರವಾರ ಮತ್ತೆ ಹಾಗೇ ಆಯಿತು. ಈಗ ವಾರಕ್ಕೊಂದೆರಡು ಸಲ ಆಗುತ್ತದೆ. ಅವರ ಪಾಲಿಗೆ ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು?

ಕೇಳಲು ಬರುವವರನ್ನು ನೋಡಿದರೆ ನಿನಗೆ ನಗು ಬರುತ್ತದೆ. ಬರೀ ಊರಿನವರಲ್ಲ, ಚಂದ್ರಾ ಲೇಔಟಿನಿಂದ ಸ್ಕೂಟರಿನಲ್ಲಿ ಬರುವವರೂ ಇದ್ದಾರೆ. ಒಬ್ಬ ಗುಮಾಸ್ತ, ‘ತಾಯಿ, ನನಗೆ ಸೈಟು ಅಲಾಟ್ ಆಗತ್ತಾ’ ಎಂದು ಕೇಳಿದ. ನನ್ನ ದವಡೆ ಕಚ್ಚಿಕೊಂಡಿತ್ತು, ಎಂಜಲು ಸುರಿಯುತ್ತಿತ್ತು. ನಾನು ನೋವಿಗೆ ನರಳಿದೆ. ಮರಿಯಪ್ಪ ತಾತ ಅದಕ್ಕೆ, ಆಗುತ್ತದೆ, ಆದರೆ ಪೂರ್ವದ ಬಾಗಿಲು ಇಡಬೇಕು ಎಂದು ಅರ್ಥ ಹೇಳಿದರು. ಮೈ ಸರಿಯಿದ್ದಾಗ ನಾನೇ ಬಾಗಿಲಲ್ಲಿ ನಿಂತು, ಇದು ಮಾತ್ರೆಯ ದೋಷ ಸ್ವಾಮಿ, ದೇವರಲ್ಲ, ಮನೆಗೆ ಹೋಗಿ ಎಂದು ಕೈಮುಗಿದು ಹೇಳಿದೆ. ಎಷ್ಟು ವಿನಯ ನೋಡಿ ಎಂದು ಅವರು ನನಗೇ ಕೈಮುಗಿದರು. ಮೊದಲು ಹುಚ್ಚ ಎನ್ನುತ್ತಿದ್ದಾಗ ನನ್ನ ಮಾತು ಯಾರೂ ನಂಬಲಿಲ್ಲ. ಈಗ ದೇವರು ಎನ್ನುವಾಗಲೂ ನಂಬುವುದಿಲ್ಲ.

ನಾನು ಸುಮ್ಮನೆ ಕೂತಿಲ್ಲ ಅಕ್ಕ. ಮೆಡಿಕಲ್ ಸ್ಟೋರಿಗೆ ಹೋದೆ, ಚೀಟಿ ಇಲ್ಲದೆ ಕೊಡಲ್ಲ ಎಂದರು, ಅದು ನ್ಯಾಯವೇ. ವಿಜಯನಗರದ ಒಬ್ಬ ಡಾಕ್ಟರ ಹತ್ತಿರ ಹೋಗಿ ದೇವರು, ಪಟಾಲಮ್ಮ, ಚಿಕ್ಕ ಮಾತ್ರೆ ಎಂದೆಲ್ಲ ಹೇಳುತ್ತಿದ್ದಂತೆ ಅವರ ಮುಖ ಬದಲಾಯಿತು. ‘ಮನೇವ್ರನ್ನ ಯಾರ್ನಾದ್ರೂ ಕರ್ಕೊಂಡ್ ಬಾಪ್ಪ’ ಎಂದರು. ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ಹೇಳುತ್ತಿದ್ದೆನೇನೋ. ದೊಡ್ಡ ಆಸ್ಪತ್ರೆಗೆ ಒಬ್ಬನೇ ಹೊರಟೆ. ಬಸ್ಸಿನಲ್ಲಿ ಮೆಜೆಸ್ಟಿಕ್ ತಲುಪುವ ಮೊದಲೇ ಕುತ್ತಿಗೆ ತಿರುಗಿತು. ನಮ್ಮ ಊರಿನವರೇ ಇಬ್ಬರು ಇದ್ದರು, ಬಹಳ ಭಕ್ತಿಯಿಂದ ಆಟೋದಲ್ಲಿ ಕೂರಿಸಿ ಮನೆಗೆ ತಂದುಬಿಟ್ಟರು. ಅಂದಿನಿಂದ ಅಪ್ಪ ನನ್ನನ್ನು ಒಬ್ಬನೇ ಬಿಡುವುದಿಲ್ಲ. ಡಾಕ್ಟರು ಹೇಳಿದ್ದು ನೆನಪಿಲ್ವಾ ಅಪ್ಪ ಎಂದು ಕೇಳಿದೆ. ನನ್ನ ಮುಖ ನೋಡದೆ, ‘ನಿಮ್ಮಮ್ಮ ನಗ್ತಾ ಇದಾಳೆ ಕಣೋ’ ಎಂದರು. ಅವರಿಗೆ ನೆನಪಿದೆ, ಅದೇ ಕಷ್ಟ.

ಅಮ್ಮನನ್ನು ಬೈಯಬೇಡ. ಇವಳಷ್ಟು ಪ್ರೀತಿಯಿಂದ ನನ್ನನ್ನು ಯಾರೂ ನೋಡಿಕೊಳ್ಳಲಾರರು. ಕುತ್ತಿಗೆ ಬಿಟ್ಟ ಮೇಲೆ ಬಿಸಿನೀರಿನ ಬಟ್ಟೆ ಇಟ್ಟು ಒತ್ತುತ್ತಾಳೆ, ‘ತಾಯಿ ಬಂದ್ರೆ ಮೈ ನೋಯ್ತದೆ ಕಣಪ್ಪ, ತಡ್ಕೋ’ ಎನ್ನುತ್ತಾಳೆ. ಬೀದಿಯಲ್ಲಿ ಮೊದಲಿನ ಹಾಗೆ ಯಾರೂ ಅವಳನ್ನು ಕಂಡು ಪಿಸುಗುಟ್ಟುವುದಿಲ್ಲ, ನಲ್ಲಿಯ ಹತ್ತಿರ ಅವಳ ಬಿಂದಿಗೆಗೆ ಮೊದಲು ಜಾಗ ಬಿಡುತ್ತಾರೆ. ನನ್ನ ಕಾಯಿಲೆ ಅವಳಿಂದ ಕಿತ್ತುಕೊಂಡದ್ದನ್ನೆಲ್ಲ ಆ ಕಾಯಿಲೆಯ ಮಾತ್ರೆಯೇ ವಾಪಸ್ಸು ಕೊಟ್ಟಿದೆ. ಅದನ್ನು ಮತ್ತೆ ಹೇಗೆ ಕಿತ್ತುಕೊಳ್ಳಲಿ, ಹೇಳು. ಜಗಳವಾಡಿದರೆ ಕಾಯಿಲೆ ಜಾಸ್ತಿಯಾಯಿತು ಎನ್ನುತ್ತಾರೆ, ಸುಮ್ಮನಿದ್ದರೆ ಒಪ್ಪಿಕೊಂಡ ಎನ್ನುತ್ತಾರೆ. ನನಗೆ ದಾರಿ ಕಾಣುತ್ತಿಲ್ಲ ಅಕ್ಕ.

ಹಿಂದಿನ ಮನೆಯ ಬಾಡಿಗೆಯವರು ಗಂಗಲಕ್ಷ್ಮಮ್ಮನವರು ಸ್ಕೂಲಿಗೆ ಹೋಗುವಾಗ ಇದನ್ನು ಅಂಚೆ ಡಬ್ಬಿಗೆ ಹಾಕುತ್ತೇನೆ ಎಂದಿದ್ದಾರೆ. ಅವರು ಚಪ್ಪಲಿ ಮೆಟ್ಟುತ್ತಿದ್ದಾರೆ, ಮುಗಿಸುತ್ತೇನೆ. ಭಾವನಿಗೆ ನನ್ನ ನಮಸ್ಕಾರ. ಪುಟ್ಟಿಗೆ ಮಾವನ ಕಡೆಯಿಂದ ಎರಡು ಕೆನ್ನೆಗೂ ಮುತ್ತು. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಮ್ಮ,
ಅಂಜಿನಯ್ಯ

ಮರೆತೆ ಎಂದುಕೊಳ್ಳಬೇಡ, ಹೆದರಿ ಕೊನೆಗೆ ಇಟ್ಟುಕೊಂಡಿದ್ದೆ. ಬರುವ ಮಂಗಳವಾರ ಗುಡಿಯಲ್ಲಿ ನನಗೆ ಕಾಪು ಕಟ್ಟಿ ಪಟಾಲಮ್ಮನಿಗೆ ಮೀಸಲು ಮಾಡುತ್ತಾರೆ. ಕೈಗೆ ಆ ಅರಿಸಿನದ ದಾರ ಬಿದ್ದಮೇಲೆ ಔಷಧ ಮುಟ್ಟುವಂತಿಲ್ಲ, ದೊಡ್ಡ ಮಾತ್ರೆಯೂ ನಿಲ್ಲುತ್ತದೆ. ಹಾಗೆ ಒಮ್ಮೆಲೇ ನಿಲ್ಲಿಸಬಾರದು ಎಂದು ನಿನಗೆ ಗೊತ್ತು. ಹೋದ ಯುಗಾದಿಗೆ, ಗುಣವಾಯಿತಲ್ಲ ಎಂದು ಮನೆಯವರೆಲ್ಲ ಸೇರಿ ನಿಲ್ಲಿಸಿದ ಮೇಲೆ ನಾನು ಏನಾದೆ ಎಂಬುದನ್ನೂ ನೀನೇ ನೋಡಿದ್ದೀಯ. ಮೊದಮೊದಲು ಕೈ ನಡುಗುವುದು ನಿಂತು ತುಂಬಾ ಲವಲವಿಕೆಯಿಂದ ಇದ್ದೆ. ಆಮೇಲೆ ನೀನು ಅನ್ನಕ್ಕೆ ವಿಷ ಹಾಕುತ್ತೀಯ ಎಂದು ತಲೆಯೊಳಗಿನ ಆ ಧ್ವನಿ ಹೇಳಿತು, ನಾನು ನಂಬಿದೆ. ಭಾನುವಾರದೊಳಗೆ ನೀನೋ ಭಾವನೋ ಬನ್ನಿ. ಆಗದಿದ್ದರೆ ಅಪ್ಪನಿಗೆ ತಂತಿ ಕೊಡಿ, ಭಾವನ ಮಾತು ಅವರು ತೆಗೆದುಹಾಕುವುದಿಲ್ಲ. ಇನ್ನೊಂದು ಮಾತು. ನೀವು ಬರುವುದು ತಡವಾಗಿ, ನನ್ನಿಂದ ನಿನಗೆ ಇನ್ನೊಂದು ಪತ್ರ ಬಂದರೆ, ಅದರಲ್ಲಿ ಅಕ್ಷರ ಮುತ್ತಿನ ಹಾಗಿದ್ದು, ನಾನು ಪೂರಾ ಹುಷಾರಾಗಿದ್ದೇನೆ, ಮಾತ್ರೆ ಬೇಕಿಲ್ಲ, ನೀನು ಬರಬೇಡ ಎಂದು ಬರೆದಿದ್ದರೆ, ದಯವಿಟ್ಟು ಅದನ್ನು ನಂಬಬೇಡ. ಆಗ ನಾನೇ ಬಾಗಿಲಲ್ಲಿ ನಿಂತು ಹೋಗು ಎಂದರೂ ಹೋಗಬೇಡ ಅಕ್ಕ.